ಐರಿಷ್ ಪಾಸ್‌ಪೋರ್ಟ್, ಹರಿಹರದ ಇನಿಷಿಯಲ್: ಡಬ್ಲಿನ್‌ನಿಂದ ಅಬುಧಾಬಿಗೆ ಟೀಚರ್ ಆಗಿ ಹೋದ ಕಥೆ

ಐರ್ಲೆಂಡ್‌ನ ಟೀಚರುಗಳು ಗಲ್ಫ್‌ಗೆ ಹೋಗೋದು ಹೊಸದೇನಲ್ಲ. ಡಬ್ಲಿನ್‌ನ ಯಾವ ಸ್ಟಾಫ್‌ರೂಮಿಗೆ ಹೋದರೂ "ನಾನೂ ದುಬೈನಲ್ಲಿ ಎರಡು ವರ್ಷ ಇದ್ದೆ" ಅನ್ನುವವರು ಒಬ್ಬರಾದರೂ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ಹೋಗಿದ್ದು ಇಪ್ಪತ್ತೈದರ ಹರೆಯದಲ್ಲಿ, ಒಂದೇ ದೇಶದ ಸರ್ಟಿಫಿಕೇಟ್ ಹಿಡಿದುಕೊಂಡು. ನನ್ನದು ಬೇರೆ ಲೆಕ್ಕ. ಬಿ.ಎಸ್ಸಿ. ದಾವಣಗೆರೆಯಲ್ಲಿ, ಟೀಚರ್ ತರಬೇತಿ ಡಬ್ಲಿನ್‌ನಲ್ಲಿ, ಮದುವೆ ಹರಿಹರದಲ್ಲಿ, ಮಗಳು ಹುಟ್ಟಿದ್ದು ಡಬ್ಲಿನ್‌ನಲ್ಲಿ, ಪಾಸ್‌ಪೋರ್ಟ್ ಐರ್ಲೆಂಡಿನದು. ಹೀಗೆ ಎರಡು ದೇಶದ ಕಾಗದ ಇಟ್ಟುಕೊಂಡು ಮೂರನೇ ದೇಶಕ್ಕೆ ಹೋಗುವವರಿಗೆ ದಾರಿ ಹೇಳುವವರು ನನಗೆ ಸಿಗಲಿಲ್ಲ. 2024ರ ಆಗಸ್ಟ್‌ನಲ್ಲಿ ಅಬುಧಾಬಿಗೆ ಬಂದೆ. ಈಗ ಒಂದು ಶಾಲಾ ವರ್ಷ ಮುಗಿದಿದೆ, ಮನೆಯವರ ವೀಸಾ ಕೆಲಸವೂ ಮುಗಿದಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಯಾಕೆ ಹೊರಟೆವು ಅನ್ನೋದನ್ನು ಬೇಗ ಹೇಳಿಬಿಡುತ್ತೇನೆ. ಐರ್ಲೆಂಡ್‌ನ ಹೈಸ್ಕೂಲ್‌ಗಳಲ್ಲಿ ವಾರಕ್ಕೆ 22 ಗಂಟೆ ಪಾಠ ಇದ್ದರೆ ಪೂರ್ತಿ ಸಂಬಳ. ಹೊಸಬರಿಗೆ ಅಷ್ಟು ಗಂಟೆ ಸುಲಭಕ್ಕೆ ಸಿಗೋದಿಲ್ಲ. ಯಾರೋ ಹೆರಿಗೆ ರಜೆಯಲ್ಲಿದ್ದಾರೆ ಅಂತ ಹದಿನಾಲ್ಕು ಗಂಟೆ, ಮುಂದಿನ ವರ್ಷ ಇನ್ನೊಬ್ಬರ ಜಾಗದಲ್ಲಿ ಹದಿನಾರು. ಮೇ ತಿಂಗಳು ಬಂತೆಂದರೆ ಸೆಪ್ಟೆಂಬರ್‌ನಲ್ಲಿ ಕೆಲಸ ಇರುತ್ತೋ ಇಲ್ಲವೋ ಅನ್ನುವ ಚಿಂತೆ. ಎರಡು ರೂಮಿನ ಮನೆಗೆ ತಿಂಗಳಿಗೆ 2,300 ಯೂರೋ ಬಾಡಿಗೆ. ನಮ್ಮವರ ಸಂಬಳ ಬಾಡಿಗೆಗೆ, ನನ್ನದು ಮಗಳ ಡೇ ಕೇರ್‌ಗೆ. ಉಳಿತಾಯದ ಮಾತೇ ಇಲ್ಲ.

ಗಲ್ಫ್‌ನ ಶಾಲೆಗಳು ಆಗಸ್ಟ್‌ಗೆ ಬೇಕಾದ ಟೀಚರುಗಳನ್ನು ಜನವರಿಯಿಂದಲೇ ಹುಡುಕೋಕೆ ಶುರು ಮಾಡುತ್ತವೆ. ಏಪ್ರಿಲ್ ಕಳೆದರೆ ಉಳಿಯೋದು ಬೇರೆಯವರು ಬಿಟ್ಟ ಕೆಲಸ. ನಾನು ಕ್ರಿಸ್‌ಮಸ್ ರಜೆಯಲ್ಲೇ ಅರ್ಜಿ ಹಾಕಿದೆ. ಹೆಚ್ಚಿನ ಜಾಹೀರಾತುಗಳಲ್ಲಿ ಒಂದು ಸಾಲು ಇರುತ್ತಿತ್ತು: ಇಂಗ್ಲಿಷ್ ಮಾತೃಭಾಷೆಯವರು ಬೇಕು. ನನ್ನ ಹೆಸರು ನೋಡಿದ ಕೂಡಲೇ ಕೆಲವರು ಉತ್ತರವನ್ನೇ ಕೊಡಲಿಲ್ಲ. ಒಬ್ಬ ಏಜೆಂಟ್ ಫೋನಿನಲ್ಲಿ ಒಂದು ಸಂಬಳ ಹೇಳಿದ. "ನನ್ನದು ಐರಿಷ್ ಪಾಸ್‌ಪೋರ್ಟ್" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಬೇರೆ ಅಂಕಿ ಹೇಳಿದ. ಎರಡರ ನಡುವೆ ಹೆಚ್ಚುಕಡಿಮೆ ಅರ್ಧದಷ್ಟು ವ್ಯತ್ಯಾಸ! ಅದೇ ಡಿಗ್ರಿ, ಅದೇ ಅನುಭವ, ಅದೇ ಬಾಯಿ. ಖುಷಿಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಆ ಕೆಲಸಕ್ಕೆ ನಾನು ಹೋಗಲಿಲ್ಲ. ಆದರೆ ಈ ಲೆಕ್ಕ ಆ ಒಬ್ಬ ಏಜೆಂಟ್‌ನದಷ್ಟೇ ಅಲ್ಲ ಅಂತ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು.

ಕೊನೆಗೆ ಬ್ರಿಟಿಷ್ ಪಠ್ಯಕ್ರಮದ ಶಾಲೆಯೊಂದರಲ್ಲಿ ಗಣಿತದ ಟೀಚರ್ ಕೆಲಸ ಸಿಕ್ಕಿತು. ತಿಂಗಳಿಗೆ 12,500 ದಿರ್ಹಂ, ಇರಲು ಮನೆ, ವರ್ಷಕ್ಕೊಮ್ಮೆ ವಿಮಾನದ ಟಿಕೆಟ್, ಇನ್ಷೂರೆನ್ಸ್. ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಆಫರ್ ಲೆಟರ್ ಬಂದಾಗ ಒಟ್ಟು ಮೊತ್ತ ನೋಡಿ ಹಿಗ್ಗಬೇಡಿ. ಅದರಲ್ಲಿ ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಅಂತ ನೋಡಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೂಲ ವೇತನದ ಮೇಲೆ ಮಾತ್ರ: ಮೊದಲ ಐದು ವರ್ಷಕ್ಕೆ, ವರ್ಷಕ್ಕೆ 21 ದಿನದ ಲೆಕ್ಕ. ಕೆಲವು ಶಾಲೆಗಳು ಮೂಲ ವೇತನವನ್ನು ತೀರಾ ಕಡಿಮೆ ತೋರಿಸಿ ಉಳಿದದ್ದನ್ನೆಲ್ಲ ಭತ್ಯೆಯಲ್ಲಿ ಸೇರಿಸುತ್ತವೆ.

ಇನ್ನು ಕಾಗದಗಳ ವಿಷಯ.

ಐರ್ಲೆಂಡ್, ಭಾರತ ಎರಡೂ ಅಪೋಸ್ಟಿಲ್ ಒಪ್ಪಂದದಲ್ಲಿವೆ, ಅಂದರೆ ಅಪೋಸ್ಟಿಲ್ ಅನ್ನುವ ಒಂದೇ ಸೀಲಿದ್ದರೆ ಒಂದು ದೇಶದ ಕಾಗದವನ್ನು ಒಪ್ಪಂದದ ಬೇರೆ ದೇಶಗಳೂ ಒಪ್ಪುತ್ತವೆ. ನಾನು ಕಾಗದ ಮಾಡಿಸುವಾಗ ಯುಎಇ ಅದರಲ್ಲಿ ಇರಲಿಲ್ಲ. ಹಾಗಾಗಿ ಒಂದು ಸೀಲು ಹೊಡೆಸಿ ಮುಗಿಸುವ ಹಾಗಿಲ್ಲ. ಸರ್ಟಿಫಿಕೇಟ್ ಯಾವ ದೇಶದ್ದೋ ಆ ದೇಶದ ವಿದೇಶಾಂಗ ಇಲಾಖೆ ದೃಢೀಕರಿಸಬೇಕು. ಆಮೇಲೆ ಅದೇ ದೇಶದಲ್ಲಿರುವ ಯುಎಇ ರಾಯಭಾರ ಕಚೇರಿ. ಕೊನೆಗೆ ಯುಎಇಯ ವಿದೇಶಾಂಗ ಸಚಿವಾಲಯ, ಅಲ್ಲಿ ದಾಖಲೆಗೆ 150 ದಿರ್ಹಂ. ಡಬ್ಲಿನ್‌ನಲ್ಲಿ ಕೂತು ಭಾರತದ ಡಿಗ್ರಿಯನ್ನು ದೃಢೀಕರಿಸೋಕೆ ಆಗೋದಿಲ್ಲ. ಭಾರತದ್ದು ಭಾರತದಲ್ಲೇ ಆಗಬೇಕು.

ಐರ್ಲೆಂಡ್ ಕಡೆಯ ಕೆಲಸ ಸಲೀಸು. ತರಬೇತಿಯ ಸರ್ಟಿಫಿಕೇಟನ್ನು ನೋಟರಿ ಪಬ್ಲಿಕ್ ಹತ್ತಿರ ತೆಗೆದುಕೊಂಡು ಹೋಗಬೇಕು. ಅಲ್ಲಿ ನೋಟರಿ ಅಂದರೆ ನಮ್ಮ ಕೋರ್ಟ್ ಮುಂದೆ ಟೇಬಲ್ ಹಾಕಿಕೊಂಡು ಕೂರುವವರಲ್ಲ, ಅಪಾಯಿಂಟ್‌ಮೆಂಟ್ ತಗೊಂಡೇ ಹೋಗಬೇಕು, ಫೀಸೂ ಜಾಸ್ತಿ. ಆಮೇಲೆ ವಿದೇಶಾಂಗ ಇಲಾಖೆ, ಆಮೇಲೆ ರಾಯಭಾರ ಕಚೇರಿ. ಜೊತೆಗೆ ಟೀಚರುಗಳ ನೋಂದಣಿ ಮಾಡುವ ಟೀಚಿಂಗ್ ಕೌನ್ಸಿಲ್‌ನಿಂದ ನಿಮ್ಮ ಮೇಲೆ ಯಾವ ದೂರೂ ಇಲ್ಲ ಅನ್ನುವ ಪತ್ರ, ಗಾರ್ಡಾ ಪೊಲೀಸರಿಂದ ಪೊಲೀಸ್ ಸರ್ಟಿಫಿಕೇಟ್. ಶಾಲೆಗೆ ಸೇರುವಾಗ ಮಾಡಿಸಿದ ಗಾರ್ಡಾ ವೆಟಿಂಗ್ (ಪೊಲೀಸರ ಹಿನ್ನೆಲೆ ಪರಿಶೀಲನೆ) ಇದೆಯಲ್ಲ ಅಂತ ಸುಮ್ಮನಾಗಬೇಡಿ. ಅದೇ ಬೇರೆ, ಇದೇ ಬೇರೆ. ಇದಕ್ಕೆ ನಿಮ್ಮ ಏರಿಯಾದ ಗಾರ್ಡಾ ಸ್ಟೇಷನ್‌ಗೇ ಅರ್ಜಿ ಕೊಡಬೇಕು.

ಊರಿನ ಕಡೆಯ ಕೆಲಸಕ್ಕೆ ಇದ್ದದ್ದು ಅಪ್ಪಾಜಿ ಒಬ್ಬರೇ. ಗಣಿತ ಕಲಿಸೋಕೆ ಮೊದಲ ಪದವಿಯಲ್ಲೂ ಗಣಿತ ಓದಿರಬೇಕು ಅಂತ ನನಗೆ ಹೇಳಿದರು. ಡಬ್ಲಿನ್‌ನ ತರಬೇತಿ ಎಷ್ಟೇ ದೊಡ್ಡದಿರಲಿ, 2008ರ ಬಿ.ಎಸ್ಸಿ. ಸರ್ಟಿಫಿಕೇಟ್ ಬೇಕೇ ಬೇಕು. ಅದು ಹರಿಹರದ ಮನೆಯ ಬೀರುವಿನಲ್ಲಿತ್ತು. ಮಗಳ ಡಿಗ್ರಿ ಹಾಳಾಗಬಾರದು ಅಂತ ಅಪ್ಪಾಜಿ ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದರು. ದೃಢೀಕರಣದ ಸೀಲು ಬೀಳೋದು ಒರಿಜಿನಲ್‌ನ ಹಿಂಬದಿಗೆ. ಪ್ಲಾಸ್ಟಿಕ್ ಮೇಲೆ ಸೀಲು ಹೊಡೆಯೋದಿಲ್ಲ. ದಾವಣಗೆರೆಯಲ್ಲಿ ಒಬ್ಬರು ಬಿಸಿ ಮಾಡಿ ನಿಧಾನಕ್ಕೆ ಬಿಡಿಸಿಕೊಟ್ಟರು. ಒಂದು ಮೂಲೆ ಸ್ವಲ್ಪ ಕಿತ್ತುಬಂತು, ಪುಣ್ಯಕ್ಕೆ ಸಹಿ ಉಳಿಯಿತು. ನಿಮ್ಮ ಮನೆಯಲ್ಲೂ ಲ್ಯಾಮಿನೇಟ್ ಆದ ಸರ್ಟಿಫಿಕೇಟ್ ಇದ್ದರೆ ಮೊದಲು ಆ ಕೆಲಸ ಮಾಡಿಸಿ. ಬಿಡಿಸಲು ಬಾರದಿದ್ದರೆ ವಿಶ್ವವಿದ್ಯಾಲಯದಲ್ಲಿ ಎರಡನೇ ಪ್ರತಿಗೆ ಅರ್ಜಿ ಹಾಕಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ಇನ್ನೊಂದು ವಿಷಯ ದಾವಣಗೆರೆ ಕಡೆಯವರಿಗೆ ಮಾತ್ರ. ದಾವಣಗೆರೆ ವಿಶ್ವವಿದ್ಯಾಲಯ ಶುರುವಾಗಿದ್ದು 2009ರಲ್ಲಿ. ಅದಕ್ಕೂ ಮೊದಲು ನಮ್ಮ ಕಾಲೇಜುಗಳೆಲ್ಲ ಕುವೆಂಪು ವಿಶ್ವವಿದ್ಯಾಲಯದ ಕೆಳಗಿದ್ದವು. ಹಾಗಾಗಿ ಕಾಲೇಜು ಮನೆ ಪಕ್ಕದಲ್ಲೇ ಇದ್ದರೂ ಪತ್ರಕ್ಕೆ ಶಂಕರಘಟ್ಟಕ್ಕೆ ಹೋಗಬೇಕು. ಅಪ್ಪಾಜಿ ಹೋಗಿ, ಡಿಗ್ರಿ ನಿಜವಾದದ್ದು ಅನ್ನುವ ಪತ್ರ ತಂದರು. ಅದನ್ನು ಸ್ಕ್ಯಾನ್ ಮಾಡಿ ಕಳಿಸಿದ ಮೇಲೆ ಗಲ್ಫ್ ಕಡೆಯಿಂದ ಹೊಸ ಬೇಡಿಕೆ ಬಂತು. ವಿದ್ಯಾರ್ಥಿ ರೆಗ್ಯುಲರ್ ಆಗಿ ಓದಿದ್ದೋ ದೂರಶಿಕ್ಷಣವೋ, ಯಾವ ಊರಿನ ಕಾಲೇಜಿನಲ್ಲಿ ಓದಿದ್ದು, ಇದೂ ಪತ್ರದಲ್ಲೇ ಬರಬೇಕಂತೆ. ಮೊದಲು ಕೊಟ್ಟ ಪಟ್ಟಿಯಲ್ಲಿ ಇದರ ಸುದ್ದಿಯೇ ಇರಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಫೋನ್ ಮಾಡಿ ಹೇಳೋಕೇ ನಾಚಿಕೆ. ಅಪ್ಪಾಜಿ ಮಾತ್ರ, "ಅದಕ್ಯಾಕವ್ವಾ ಅಷ್ಟು ಬ್ಯಾಸರ? ಇನ್ನೊಂದು ಸರ್ತಿ ಹೋಗಿ ಬರ್ತೀನಿ ಬಿಡು. ಭದ್ರಾ ಡ್ಯಾಂ ನೋಡಿ ಭಾಳ ವರ್ಷ ಆಗಿತ್ತು" ಅಂದರು. ಮೊದಲೇ ಈ ಎರಡು ಸಾಲು ಸೇರಿಸಿ ಪತ್ರ ಕೇಳಿ. ನಿಮ್ಮ ಅಪ್ಪಂದಿರಿಗೆ ಡ್ಯಾಂ ನೋಡುವ ಆಸೆ ಇರಲಿಕ್ಕಿಲ್ಲ.

ಆಮೇಲಿನದ್ದು ಬೆಂಗಳೂರಿನಿಂದ ಶುರುವಾಗುವ ಕೆಲಸ. ರಾಜ್ಯದ ಉನ್ನತ ಶಿಕ್ಷಣ ಇಲಾಖೆಯ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಆಮೇಲೆ ಯುಎಇ ರಾಯಭಾರ ಕಚೇರಿಯದ್ದು. ವಿದೇಶಾಂಗ ಸಚಿವಾಲಯಕ್ಕೆ ನಾವೇ ನೇರವಾಗಿ ಕೊಡುವ ಹಾಗಿಲ್ಲ, ಅವರು ಗೊತ್ತುಮಾಡಿದ ಏಜೆನ್ಸಿಗಳ ಮೂಲಕವೇ ಹೋಗಬೇಕು. ನನಗೆ ಎಲ್ಲ ಸೇರಿ ಒಂದು ದಾಖಲೆಗೆ ಹತ್ತು ಸಾವಿರ ರೂಪಾಯಿ ಆಸುಪಾಸು ಬಿತ್ತು. ಬಸ್ ಸ್ಟ್ಯಾಂಡ್ ಪಕ್ಕ ಬೋರ್ಡ್ ಹಾಕಿಕೊಂಡ ಯಾರ ಕೈಗೋ ಒರಿಜಿನಲ್ ಕೊಡಬೇಡಿ. ಅಧಿಕೃತ ಏಜೆನ್ಸಿಗಳ ಪಟ್ಟಿ ಸಚಿವಾಲಯದ ವೆಬ್‌ಸೈಟ್‌ನಲ್ಲೇ ಇದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇನಿಷಿಯಲ್. ಡಿಗ್ರಿಯಲ್ಲಿ ನನ್ನ ಹೆಸರಿನ ಮುಂದೆ ಎರಡು ಅಕ್ಷರ: ಎಚ್. ಬಿ. ಎಚ್ ಅಂದರೆ ಹರಿಹರ, ಬಿ ಅಂದರೆ ಅಪ್ಪಾಜಿ ಹೆಸರು. ಮೊದಲ ಪಾಸ್‌ಪೋರ್ಟ್ ಮಾಡಿಸುವಾಗ ಅಕ್ಷರಗಳನ್ನು ಬಿಡಿಸಿ ಬರೆಯಿರಿ ಅಂದಿದ್ದರು. ಊರ ಹೆಸರು ಸರ್‌ನೇಮ್ ಆಗಿ ಕೂತಿತು. ಅದೇ ಐರಿಷ್ ಪಾಸ್‌ಪೋರ್ಟ್‌ಗೂ ಬಂತು. ಡಬ್ಲಿನ್ ಮಕ್ಕಳಿಗೆ ನಾನು "ಮಿಸ್ ಹರಿಹರ". ಅಬುಧಾಬಿಯಲ್ಲಿ ಕಂಪ್ಯೂಟರ್ ಮುಂದೆ ಕೂತವರಿಗೆ ಡಿಗ್ರಿಯವಳು ಒಬ್ಬಳು, ಪಾಸ್‌ಪೋರ್ಟ್‌ನವಳು ಇನ್ನೊಬ್ಬಳು. ಹಳೆಯ ಭಾರತೀಯ ಪಾಸ್‌ಪೋರ್ಟ್ ಪೌರತ್ವ ಬದಲಾದ ಮೇಲೆ ರದ್ದಾಗಿತ್ತು. ರದ್ದಾದ ಆ ಪುಸ್ತಕ ಎಸೆಯದೆ ಇಟ್ಟಿದ್ದು ಈಗ ಕೆಲಸಕ್ಕೆ ಬಂತು. ಅದರಲ್ಲಿ ಅಪ್ಪಾಜಿ ಹೆಸರೂ ಇತ್ತು, ಹುಟ್ಟಿದ ಊರೂ ಇತ್ತು. ಅದರ ಪ್ರತಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಎರಡೂ ಹೆಸರು ಒಬ್ಬಳದೇ ಅನ್ನುವ ಅಫಿಡವಿಟ್, ಮೂರನ್ನೂ ಒಟ್ಟಿಗೆ ಕೊಟ್ಟ ಮೇಲೆ ಒಪ್ಪಿದರು. ಅಷ್ಟು ಹೊತ್ತಿಗೆ ಜುಲೈ ಮುಗಿಯುತ್ತಾ ಬಂದಿತ್ತು. ಡಬ್ಲಿನ್ ಮನೆಗೆ ನೋಟಿಸ್ ಕೊಟ್ಟಾಗಿತ್ತು. ರಾತ್ರಿ ಎದ್ದು ಕೂತು ಮೇಲ್ ನೋಡುತ್ತಿದ್ದೆ. ಅಬುಧಾಬಿಯಲ್ಲಿ ಸಮಯ ಮೂರು ಗಂಟೆ ಮುಂದೆ, ಬೆಳಗಿನ ಮೇಲ್ ನಮಗೆ ನಸುಕಿನಲ್ಲೇ ಬರುತ್ತಿತ್ತು.

ಎಂಟ್ರಿ ಪರ್ಮಿಟ್ ಬಂದ ಮೇಲೆ ಎಲ್ಲ ಬೇಗ ಆಯಿತು. ಡಬ್ಲಿನ್‌ನಿಂದ ನೇರ ವಿಮಾನ. ಮೊದಲು ನಾನೊಬ್ಬಳೇ ಹೋದೆ. ಶಾಲೆಯವರು ಬಸ್ ಕಳಿಸಿದ್ದರು. ಬಸ್ ತುಂಬ ಹೊಸ ಟೀಚರುಗಳು, ಅರ್ಧದಷ್ಟು ಐರಿಷ್. ಮಧ್ಯರಾತ್ರಿ ವಿಮಾನ ನಿಲ್ದಾಣದ ಹೊರಗೆ ಬಂದಾಗ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಐರ್ಲೆಂಡಿನ ಕಾರ್ಕ್‌ನ ಒಬ್ಬ ಹುಡುಗ "ಇದು ರಾತ್ರಿಯಾ?" ಅಂತ ಕೇಳಿದ್ದು ನೆನಪಿದೆ. ಆ ವಾರದಲ್ಲಿ ಮೆಡಿಕಲ್ ಆಯಿತು: ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ, ಎಮಿರೇಟ್ಸ್ ಐಡಿಗೆ ಬೆರಳಚ್ಚು. ಐಡಿ ಬರುವ ತನಕ ಬ್ಯಾಂಕ್ ಖಾತೆ ತೆರೆಯೋಕೆ ಆಗಲಿಲ್ಲ. ಮೊದಲ ಸಂಬಳ ತಡವಾಗಬಹುದು, ಕೈಯಲ್ಲಿ ಆರು ವಾರಕ್ಕೆ ಸಾಕಾಗುವಷ್ಟು ದುಡ್ಡು ಇಟ್ಟುಕೊಳ್ಳಿ. ಐರಿಷ್ ಡ್ರೈವಿಂಗ್ ಲೈಸೆನ್ಸ್ ಇದ್ದರೆ ಕಣ್ಣಿನ ಪರೀಕ್ಷೆ ಮಾಡಿ ಇಲ್ಲಿನ ಲೈಸೆನ್ಸ್‌ಗೆ ಬದಲಾಯಿಸಿಕೊಡುತ್ತಾರೆ. ಭಾರತದ ಲೈಸೆನ್ಸ್‌ನವರು ಕ್ಲಾಸಿಗೆ ಹೋಗಿ ಟೆಸ್ಟ್ ಪಾಸು ಮಾಡಬೇಕು.

ಕೆಲಸದ ಬಗ್ಗೆ ಹೇಳಬೇಕಾದ್ದು ಬಹಳ ಇದೆ. ಐರ್ಲೆಂಡ್‌ನಲ್ಲಿ ಕ್ಲಾಸಿನ ಬಾಗಿಲು ಹಾಕಿಕೊಂಡರೆ ಟೀಚರೇ ರಾಜ. ಇನ್‌ಸ್ಪೆಕ್ಟರ್ ಬರೋದು ಅಪರೂಪ. ಇಲ್ಲಿ ವಾರಕ್ಕೊಬ್ಬರು ಕ್ಲಾಸಿನ ಹಿಂದೆ ಲ್ಯಾಪ್‌ಟಾಪ್ ಹಿಡಿದು ಕೂರುತ್ತಾರೆ. ಪ್ರತಿ ಮಗುವಿನ ಅಂಕಗಳ ಹಾಳೆ, ಬಣ್ಣ ಬಣ್ಣದ ಪಟ್ಟಿ, ಪಾಲಕರ ಮೇಲ್‌ಗೆ ಅದೇ ದಿನ ಉತ್ತರ. ಅಬುಧಾಬಿಯ ಶಿಕ್ಷಣ ಇಲಾಖೆ ಅಡೆಕ್, ಶಾಲೆಗಳಿಗೆ ಇರ್ತಿಕಾ ಅನ್ನುವ ತಪಾಸಣೆ ನಡೆಸುತ್ತದೆ. ಅದು ಬರುವ ತಿಂಗಳು ಇಡೀ ಶಾಲೆಯಲ್ಲಿ ನಗು ಕಡಿಮೆ. ಬೆಳಿಗ್ಗೆ ಏಳೂವರೆಗೆ ಶಾಲೆ ಶುರು, ಅಂದರೆ ಐದಕ್ಕೆ ಏಳಬೇಕು. ಐರ್ಲೆಂಡ್‌ನ ಹೈಸ್ಕೂಲ್ ಟೀಚರುಗಳಿಗೆ ಜೂನ್‌ನಿಂದ ಆಗಸ್ಟ್ ತನಕ ಮೂರು ತಿಂಗಳು ರಜೆ. ಇಲ್ಲಿ ಜುಲೈ ಬರುವ ತನಕ ಕಾಯಬೇಕು.

ಮಕ್ಕಳು ಮಾತ್ರ ಚೆನ್ನ. ಒಂದೇ ಕ್ಲಾಸಿನಲ್ಲಿ ಈಜಿಪ್ಟ್, ಜೋರ್ಡಾನ್, ಪಾಕಿಸ್ತಾನ, ಬ್ರಿಟನ್, ಇಲ್ಲಿಯವರೇ ಆದ ಎಮಿರಾಟಿ ಮಕ್ಕಳು. ಬೀಜಗಣಿತಕ್ಕೆ ದೇಶ ಇಲ್ಲವಲ್ಲ. ಒಬ್ಬ ಹುಡುಗ ಕೇಳಿಯೇಬಿಟ್ಟ, "ಮಿಸ್, ನೀವು ಐರಿಷ್ ಅಂತ ಬೋರ್ಡಿನಲ್ಲಿದೆ, ನೋಡಿದರೆ ಇಂಡಿಯನ್. ಯಾವುದು ನಿಜ?" ಎರಡೂ ಅಂದೆ. "ಅದು ಆಗಲ್ಲ ಮಿಸ್" ಅಂದ. ಆಮೇಲೆ ಗಣಗಳ ಪಾಠ ಮಾಡುವಾಗ ಎರಡು ವೃತ್ತ ಬರೆದು, ಒಂದರ ಮೇಲೊಂದು ಬರುವ ಜಾಗ ತೋರಿಸಿದೆ. ಒಪ್ಪಿದ.

ಸಂಬಳದ ವಿಷಯ ಆಗಲೇ ಹೇಳಿದೆನಲ್ಲ. ನಮ್ಮ ಬಿಲ್ಡಿಂಗ್‌ನಲ್ಲೇ ಕೇರಳದ ಒಬ್ಬ ಟೀಚರ್ ಇದ್ದಾರೆ. ಕೆಮಿಸ್ಟ್ರಿ, ನನಗಿಂತ ಎಷ್ಟೋ ಜಾಸ್ತಿ ಅನುಭವ. ಬೇರೆ ಶಾಲೆ. ಅವರಿಗೆ ಬರೋದು ನನ್ನ ಸಂಬಳದ ಅರ್ಧಕ್ಕಿಂತ ಕಡಿಮೆ. ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ಫೀಸೇ ಕಡಿಮೆ, ಅದಕ್ಕೆ ಸಂಬಳವೂ ಕಡಿಮೆ ಅಂತ ಸಮಜಾಯಿಷಿ ಕೊಡುತ್ತಾರೆ. ಸ್ವಲ್ಪ ನಿಜ ಇರಬಹುದು. ಆದರೆ ಫೋನಿನಲ್ಲಿ ಏಜೆಂಟ್ ಅಂಕಿ ಬದಲಾಯಿಸಿದ್ದು ಫೀಸು ನೋಡಿ ಅಲ್ಲ. ಆ ಟೀಚರ್ ಜೊತೆ ಚಹಾ ಕುಡಿಯುವಾಗ ಸಂಬಳದ ಮಾತು ಬಂದರೆ ನನಗೆ ಈಗಲೂ ಮುಜುಗರ.

ಸ್ನೇಹಿತರು, ಓಡಾಟದ ವಿಷಯಕ್ಕೆ ಬಂದರೆ, ಐರಿಷ್ ಆದವರಿಗೆ ಇಲ್ಲಿ ಬಳಗ ಸಿದ್ಧವಾಗಿ ಕಾಯುತ್ತಿರುತ್ತದೆ. ಬಂದ ವಾರವೇ ವಾಟ್ಸಾಪ್ ಗ್ರೂಪಿಗೆ ಸೇರಿಸುತ್ತಾರೆ. ಸೋಫಾ ಮಾರುವವರು, ಮನೆ ಬಿಡುವವರು, ಬೇಜಾರಾಗಿದೆ ಬನ್ನಿ ಅನ್ನುವವರು, ಎಲ್ಲ ಅಲ್ಲೇ. 2022ರಿಂದ ಇಲ್ಲಿ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಶುಕ್ರವಾರ ಮಧ್ಯಾಹ್ನ ಹುಡುಗ ಹುಡುಗಿಯರೆಲ್ಲ ಬ್ರಂಚ್ ಅಂತ ಹೋಟೆಲ್ ಊಟಕ್ಕೆ ಹೊರಡುತ್ತಾರೆ. ಆ ಖರ್ಚಿನಲ್ಲಿ ನಮ್ಮ ಮನೆಗೆ ಎರಡು ವಾರದ ದಿನಸಿ ಬರುತ್ತದೆ. ನಾನು ಒಮ್ಮೆ ಹೋಗಿ ಬಂದು ಸಾಕು ಅಂದೆ.

ನನಗೆ ಹಿಡಿಸಿದ್ದು ಐರ್ಲೆಂಡಿನವರದ್ದೇ ಆಟವಾದ ಗೇಲಿಕ್ ಫುಟ್‌ಬಾಲ್. ಡಬ್ಲಿನ್‌ನಲ್ಲಿ ಇದ್ದಷ್ಟು ವರ್ಷ ಗ್ಯಾಲರಿಯಲ್ಲಿ ಕೂತು ನೋಡಿದ್ದೇ ಹೊರತು ಚೆಂಡು ಮುಟ್ಟಿರಲಿಲ್ಲ. ಇಲ್ಲಿ ಅಬುಧಾಬಿ ನಾ ಫಿಯಾನಾ ಅನ್ನುವ ಕ್ಲಬ್ ಇದೆ, ದುಬೈಯಲ್ಲೂ ಕ್ಲಬ್‌ಗಳಿವೆ. ಆಟ ಬಾರದವರನ್ನೂ ಸೇರಿಸಿಕೊಳ್ಳುತ್ತಾರೆ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಒದೆಯಬಹುದು. ಮೊದಲ ಸಂಜೆ ಮಂಡಿ ಕೆತ್ತಿಕೊಂಡು ಬಂದೆ. ಮೂವತ್ತೇಳರ ಹೆಂಗಸು ಸೀರೆ ಬಿಟ್ಟು ಶಾರ್ಟ್ಸ್ ಹಾಕಿ ಓಡುತ್ತಾಳೆ ಅಂತ ಅಮ್ಮನಿಗೆ ವಿಡಿಯೋ ಕಳಿಸಿದ್ದೆ. ಅವರು ಅದನ್ನು ಇಡೀ ಓಣಿಗೆ ತೋರಿಸಿದರಂತೆ.

ಕನ್ನಡದ ಬಳಗ ತಾನಾಗಿ ಬರಲಿಲ್ಲ, ಹುಡುಕಬೇಕಾಯಿತು. ಶಾಲೆಯ ಕಡೆಯಿಂದ ಆ ದಾರಿ ಇಲ್ಲವಲ್ಲ. ನವೆಂಬರ್‌ನಲ್ಲಿ ಕರ್ನಾಟಕ ಸಂಘದ ರಾಜ್ಯೋತ್ಸವಕ್ಕೆ ಹೋದೆ. ಒಳಗೆ ಹೋದರೆ ಸುತ್ತಮುತ್ತ ಎಲ್ಲ ತುಳು! ಅಬುಧಾಬಿಗೆ ಮಂಗಳೂರು, ಉಡುಪಿ ಕಡೆಯವರು ಬಂದು ಎರಡು ಮೂರು ತಲೆಮಾರಾಗಿದೆ. ನಾನು ಬಯಲುಸೀಮೆಯವಳು, ಒಂದಕ್ಷರ ಬರೋದಿಲ್ಲ. "ಓಲು ಇಲ್ಲ್?" ಅಂತ ಒಬ್ಬ ಅಜ್ಜಿ ಕೇಳಿದರು. "ಹರಿಹರ" ಅಂದೆ ಅಂದಾಜಿನಲ್ಲಿ. ಸರಿಯಾಗಿತ್ತು. ಅವರು ಕನ್ನಡಕ್ಕೆ ಬಂದು, ಒಬ್ಬಳೇ ಇದ್ದೀಯಾ ಅಂತ ಕೇಳಿ, ಮುಂದಿನ ಶನಿವಾರ ಊಟಕ್ಕೆ ಕರೆದರು. ನೀರುದೋಸೆ, ಕೋಳಿ ಸಾರು. ಡಬ್ಲಿನ್‌ನಲ್ಲಿ ಇಷ್ಟು ಬೇಗ ಯಾರ ಮನೆಯ ಅಡುಗೆ ಮನೆಗೂ ನಾನು ಹೋಗಿರಲಿಲ್ಲ.

2025ರಲ್ಲಿ ಹಬ್ಬಗಳು ವಿಚಿತ್ರವಾಗಿ ಕೂಡಿಕೊಂಡವು. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬ ರಂಜಾನ್ ನಡುವೆ ಬಂತು. ಶಾಲೆಯಲ್ಲಿ ಐರಿಷ್ ಟೀಚರುಗಳು ಹಸಿರು ಹಾಕಿಕೊಂಡು ಬಂದರು. ಹಗಲಲ್ಲಿ ಉಪವಾಸ ಇರುವ ಮಕ್ಕಳ ಮುಂದೆ ಕೇಕ್ ಕತ್ತರಿಸೋದು ಸರಿಯಲ್ಲ ಅಂತ ಎಲ್ಲರೂ ಸಂಜೆ ಇಫ್ತಾರ್ ಆದ ಮೇಲೆ ಸೇರಿದೆವು. ಮಾರ್ಚ್ 30ಕ್ಕೆ ಈದ್, ಅದೇ ದಿನ ಯುಗಾದಿ. ಯುಗಾದಿಗೆ ಹಬ್ಬದ ರಜೆ ಸಿಕ್ಕಿದ್ದು ಊರು ಬಿಟ್ಟ ಮೇಲೆ ಅದೇ ಮೊದಲು. ಬೇವಿನ ಎಲೆ ಇಲ್ಲಿನ ರಸ್ತೆ ಬದಿಯ ಮರಗಳಲ್ಲೇ ಇದೆ. ಹಿಂದಿನ ವರ್ಷ ತೆರೆದ ಹಿಂದೂ ಮಂದಿರಕ್ಕೆ ಎಲ್ಲರೂ ಹೋಗಿ ಬಂದೆವು. ಅಷ್ಟು ಹೊತ್ತಿಗೆ ನಮ್ಮವರೂ ಮಗಳೂ ಬಂದಿದ್ದರು.

ಅವರ ವೀಸಾಕ್ಕೆ ನಾನೇ ಸ್ಪಾನ್ಸರ್. ಹೆಂಡತಿಯ ಮೇಲೆ ಗಂಡನ ವೀಸಾ ಅಂದರೆ ಹರಿಹರದ ನೆಂಟರಿಗೆ ಇನ್ನೂ ತಮಾಷೆ. ಹರಿಹರದ ಮದುವೆ ಸರ್ಟಿಫಿಕೇಟ್‌ಗೂ ಡಿಗ್ರಿಯ ಹಾಗೇ ಮೆಟ್ಟಿಲು ಹತ್ತಿಸಬೇಕು. ರಾಜ್ಯದಲ್ಲಿ ನೋಡುವ ಇಲಾಖೆ ಮಾತ್ರ ಬೇರೆ. ಡಬ್ಲಿನ್‌ನಲ್ಲಿ ಹುಟ್ಟಿದ ಮಗಳ ಜನನ ಪ್ರಮಾಣಪತ್ರಕ್ಕೆ ಡಬ್ಲಿನ್ ದಾರಿ. ಎರಡಕ್ಕೂ ಅರೇಬಿಕ್ ಅನುವಾದ ಬೇಕಾಯಿತು. ಮನೆಯ ಕರಾರು ನಿಮ್ಮ ಹೆಸರಿನಲ್ಲೇ ಇರಬೇಕು, ಅಬುಧಾಬಿಯಲ್ಲಿ ಅದನ್ನು ತೌತೀಕ್ ಅನ್ನುತ್ತಾರೆ. ಶಾಲೆ ಕೊಟ್ಟ ಒಂದು ರೂಮಿನ ಮನೆ ಬಿಟ್ಟು, ಭತ್ಯೆ ತಗೊಂಡು, ನಾವೇ ಬಾಡಿಗೆ ಹಿಡಿದೆವು. ಬಾಡಿಗೆ ತಿಂಗಳಿಗಲ್ಲ. ವರ್ಷದ್ದನ್ನು ಮುಂದಿನ ತಾರೀಖಿನ ಚೆಕ್‌ಗಳಲ್ಲಿ ಮೊದಲೇ ಬರೆದುಕೊಡಬೇಕು. ನಾಲ್ಕು ಚೆಕ್‌ಗೆ ಒಪ್ಪುವ ಮಾಲೀಕರನ್ನು ಹುಡುಕಿ. ಒಂದೇ ಚೆಕ್ ಕೇಳುವವರೂ ಇದ್ದಾರೆ. ಟೀಚರ್ ಮಕ್ಕಳಿಗೆ ಫೀಸಿನಲ್ಲಿ ಎಷ್ಟು ರಿಯಾಯಿತಿ, ಕುಟುಂಬದ ಇನ್ಷೂರೆನ್ಸ್ ಯಾರು ಕಟ್ಟಬೇಕು, ಎರಡನ್ನೂ ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ.

ಐರ್ಲೆಂಡ್ ಬಿಟ್ಟು ಬಂದರೂ ಅಲ್ಲಿನ ಎರಡು ಕೆಲಸ ತಪ್ಪಿಸಬೇಡಿ. ಟೀಚಿಂಗ್ ಕೌನ್ಸಿಲ್‌ಗೆ ವರ್ಷಕ್ಕೆ 65 ಯೂರೋ ಕಟ್ಟಿ ನೋಂದಣಿ ಉಳಿಸಿಕೊಳ್ಳಿ, ಇಲ್ಲದಿದ್ದರೆ ವಾಪಸ್ ಹೋದಾಗ ಮತ್ತೆ ಮೊದಲಿನಿಂದ ಅರ್ಜಿ. ಎರಡನೆಯದು ನನ್ನಂತೆ ಅರ್ಜಿ ಹಾಕಿ ಪೌರತ್ವ ಪಡೆದವರಿಗೆ. ಹೊರದೇಶದಲ್ಲಿ ನೆಲೆಸಿದರೆ, ಪೌರತ್ವ ಉಳಿಸಿಕೊಳ್ಳುವ ಇಚ್ಛೆ ಇದೆ ಅಂತ ಪ್ರತಿ ವರ್ಷ ಒಂದು ಫಾರಂ ತುಂಬಿ ಕಳಿಸಬೇಕು, ಸಿಟಿಝಡ್ 2 ಅಂತ ಅದರ ಹೆಸರು. ಅದನ್ನು ಕಳಿಸದೆ ಏಳು ವರ್ಷ ಹೊರಗೇ ಉಳಿದರೆ ಪೌರತ್ವ ರದ್ದು ಮಾಡುವ ಅಧಿಕಾರ ಸರ್ಕಾರಕ್ಕಿದೆ. ಕಾರ್ಕ್, ಗಾಲ್ವೇಯಲ್ಲಿ ಹುಟ್ಟಿದ ನನ್ನ ಸಹೋದ್ಯೋಗಿಗಳಿಗೆ ಇಂಥ ಫಾರಂ ಇದೆ ಅನ್ನೋದೇ ಗೊತ್ತಿರಲಿಲ್ಲ. ಅವರಿಗೆ ಬೇಕಾಗಿಯೂ ಇಲ್ಲ. ನನ್ನದು ಈ ವರ್ಷದ್ದು ಹೋಗಿದೆ. ಮುಂದಿನ ವರ್ಷಕ್ಕೆ ಶಾಲೆಯ ಕಾಗದಕ್ಕೂ ಸಹಿ ಹಾಕಿದ್ದೇನೆ, ಸಂಬಳ ಐನೂರು ದಿರ್ಹಂ ಜಾಸ್ತಿಯಾಗಿದೆ. ನಮ್ಮವರು ಡ್ರೈವಿಂಗ್ ಟೆಸ್ಟ್‌ಗೆ ಇನ್ನೂ ಓಡಾಡುತ್ತಿದ್ದಾರೆ.